ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ

‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ’ ಎಂಬುದು ನಮ್ಮಲ್ಲಿ ಬಹು ಹಳೆಯ ಗಾದೆ. ಇದನ್ನು ಕಟ್ಟಿದ ಹಿರಿಯರು ಮುಂಬಯಿಯನ್ನು ಕಂಡಿರಲಾರರು. ಕಂಡಿದ್ದರೆ ನಾಯಿಯ ಮೇಲೆ ಈ ಅಪವಾದವನ್ನು ಖಂಡಿತ ಹೊರಿಸುತ್ತಿರಲಿಲ್ಲ. ಬೆಳಗಿನ ಒಂಬತ್ತು ಗಂಟೆಗೆ ದಾದರ್ ನಿಲ್ದಾಣದ ಸೇತುವೆಯ ಬಳಿ ನಿಂತು ನೋಡಬೇಕು. ಓಡುತ್ತಿರುವವರೆಲ್ಲರೂ ಮನುಷ್ಯರು. ಮೆಟ್ಟಿಲ ಬುಡದಲ್ಲಿ ಕಾಲು ಚಾಚಿ ಮಲಗಿ, ಒಂದೇ ಒಂದು ಕಣ್ಣನ್ನು ತೆರೆದು, ‘ಇವರಿಗೆಲ್ಲ ಏನಾಗಿದೆ?’ ಎಂಬಂತೆ ನೋಡುತ್ತಿರುವುದು ನಾಯಿ.

ಮಾಟುಂಗದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ವಾಸವಾಗಿರುವ ರಾಯರಿಗೆ ಈ ಸತ್ಯ ಹೊಳೆದದ್ದು ನಿವೃತ್ತಿಯ ನಂತರ. ಕುಂದಾಪುರದ ಕಡೆಯ ಹಳ್ಳಿಯಿಂದ ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಟ್ರಂಕಿನೊಡನೆ ಬಂದಿಳಿದ ಅವರು ಮೂವತ್ತೈದು ವರ್ಷ ಫೋರ್ಟಿನ ಕಚೇರಿಯೊಂದರಲ್ಲಿ ಲೆಕ್ಕ ಬರೆದರು. ಅಷ್ಟೂ ವರ್ಷ ಎಂಟು ಹನ್ನೆರಡರ ಲೋಕಲ್ ಹಿಡಿಯಲು ಓಡಿದರು. ನಿವೃತ್ತಿಯ ಮರುದಿನ ಎಂಟು ಹನ್ನೆರಡಕ್ಕೆ ಸರಿಯಾಗಿ ಎದ್ದು ನಿಂತು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಮತ್ತೆ ಕುಳಿತರು. ಹಾಗೆ ಕುಳಿತವರು ಎರಡು ವರ್ಷ ಏಳಲಿಲ್ಲ. ಆ ಅವಧಿಯಲ್ಲಿ ಅವರ ಖಾತೆಗೆ ರಕ್ತದೊತ್ತಡವೂ ಸಕ್ಕರೆಯೂ ಜಮೆಯಾದವು.

ವೈದ್ಯರು ವರದಿಯನ್ನು ನೋಡಿ, “ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು” ಎಂದರು. ರಾಯರು ಮನಸ್ಸಿನಲ್ಲೇ ಭಾಗಾಕಾರ ಮಾಡಿದರು. ದಿನಕ್ಕೆ 30 ನಿಮಿಷದಂತೆ ಐದು ದಿನ, ಎರಡು ದಿನ ರಜೆ. ಬ್ಯಾಂಕಿನ ನೌಕರರು ವರ್ಷಗಟ್ಟಲೆ ಬೇಡಿದ ಐದು ದಿನಗಳ ವಾರ ತಮಗೆ ಒಂದೇ ಚೀಟಿಯಲ್ಲಿ ಮಂಜೂರಾಯಿತಲ್ಲ ಎಂದು ಅವರಿಗೆ ಸಂತೋಷವೇ ಆಯಿತು. ಆದರೆ ತಲುಪಬೇಕಾದ ಸ್ಥಳವಿಲ್ಲದೆ ನಡೆಯುವುದು ಹೇಗೆಂಬುದು ಮಾತ್ರ ಅವರಿಗೆ ಬಗೆಹರಿಯದ ಸಮಸ್ಯೆಯಾಯಿತು.

ಅಂತೂ ಕ್ಯಾನ್ವಾಸ್ ಬೂಟು ಕೊಂಡು ಫೈವ್ ಗಾರ್ಡನ್ಸಿಗೆ ಹೊರಟರು. ಮೊದಲ ದಿನ ಹತ್ತು ನಿಮಿಷ ನಡೆದು, ಮರದ ಕೆಳಗಿನ ಬೆಂಚನ್ನು ಕಂಡು, ಇಪ್ಪತ್ತು ನಿಮಿಷ ಕುಳಿತರು. ಒಟ್ಟು ಲೆಕ್ಕ ಮೂವತ್ತಕ್ಕೆ ಸರಿಹೊಂದಿತು. ಬೆಂಚಿನ ಮೇಲೆ ಕುಳಿತವರಿಗೆ ಪುಕ್ಕಟೆಯಾಗಿ ದೊರೆಯುವ ನಾಟಕವನ್ನು ಒಮ್ಮೆ ಕಂಡ ಮೇಲೆ ಅವರು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ವಾಯುವಿಹಾರಕ್ಕೆ ಬರುವವರಲ್ಲಿ ಎಷ್ಟು ಬಗೆ! ಮೂರು ಸುತ್ತು ನಡೆದು, ದ್ವಾರದ ಬಳಿ ಎರಡು ವಡಾಪಾವ್ ತಿಂದು, ಖರ್ಚು ಮಾಡಿದ್ದನ್ನು ಬಡ್ಡಿಸಹಿತ ತುಂಬಿಸಿಕೊಂಡು ಹೋಗುವ ದಪ್ಪನೆಯ ಗೃಹಸ್ಥರು ಒಬ್ಬರು. ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುವ ಯುವಕ ಇನ್ನೊಬ್ಬ. ಎಣಿಕೆ ಪೂರ್ತಿಯಾದೊಡನೆ ಮನೆಗೆ ಹೋಗಲು ರಿಕ್ಷಾ ಸಿಗದೆಂದು ಟ್ಯಾಕ್ಸಿಗೆ ಕೈ ಬೀಸುತ್ತಾನೆ. ನಾಲ್ವರು ಮಹಿಳೆಯರು ಸೊಸೆಯಂದಿರ ವಿಷಯವನ್ನು ಮಾತನಾಡುತ್ತ ನಡೆಯುತ್ತಾರೆ. ವಿಷಯ ಬಿಸಿಯಾದಷ್ಟೂ ನಡಿಗೆ ಬಿರುಸಾಗುವುದರಿಂದ, ಅವರೆಲ್ಲರ ಆರೋಗ್ಯವೂ ಅತ್ಯುತ್ತಮವಾಗಿದೆ.

ಸಾಕುನಾಯಿಗಳದು ಬೇರೆಯೇ ವರ್ಗ. ಹಿಮದ ನಾಡಿನ ಹಸ್ಕಿ ನಾಯಿಯೊಂದು ಮುಂಬಯಿಯ ಸೆಕೆಗೆ ನಾಲಗೆ ಹೊರಚಾಚಿ ಏದುಸಿರು ಬಿಡುತ್ತ ಬರುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರಿನ ಗ್ರಂಥಿಗಳು ಹೆಚ್ಚಾಗಿ ಪಾದಗಳಲ್ಲಿವೆ. ಆದುದರಿಂದ ಏದುಸಿರೇ ಅದರ ಬೀಸಣಿಗೆ. ತುಪ್ಪಳದ ಕೋಟನ್ನು ಕಳಚಲಾರದ ಆ ಬಡಪಾಯಿಯನ್ನು ಕಂಡಾಗ, ಏಪ್ರಿಲ್ ತಿಂಗಳಲ್ಲಿ ಟೈ ಕಟ್ಟಿಕೊಂಡು ಲೋಕಲಿನಲ್ಲಿ ನೇತಾಡುತ್ತಿದ್ದ ತಮ್ಮ ಮೇಲಧಿಕಾರಿಯ ನೆನಪು ರಾಯರಿಗೆ ಬರುತ್ತಿತ್ತು. ಇನ್ನೊಂದು ಮನೆಯ ಲ್ಯಾಬ್ರಡಾರನ್ನು ಕೆಲಸದ ಹುಡುಗ ತಿರುಗಾಡಿಸುತ್ತಾನೆ. ನಡಿಗೆಯ ಲಾಭ ಹುಡುಗನಿಗೂ ನಾಯಿಗೂ ಸಂದಾಯವಾಗಿ, ಯಜಮಾನರಿಗೆ ಉಳಿಯುವುದು ಬರಿಯ ಸಕ್ಕರೆಯ ಬಾಕಿ. ಈ ಕುಲೀನರೊಡನೆ ಎಲ್ಲರೂ ಮಾತನಾಡುವುದು ಇಂಗ್ಲಿಷಿನಲ್ಲಿ. ಬೀದಿನಾಯಿಗೆ ಮಾತ್ರ ಮರಾಠಿಯೂ ಗುಜರಾತಿಯೂ ತಮಿಳೂ ತಿಳಿಯುತ್ತವೆ. ಊರು ಬಿಟ್ಟು ಬಂದು ಹೊಟ್ಟೆ ಹೊರೆದುಕೊಳ್ಳುವವರು ನಾಲ್ಕು ಭಾಷೆ ಕಲಿಯಲೇಬೇಕಷ್ಟೆ. ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಂಥ ಬೀದಿನಾಯಿಗಳಲ್ಲಿ ಒಂದು ಕರಿಯ ಹೆಣ್ಣುನಾಯಿ ರಾಯರ ಬೆಂಚಿನ ಕೆಳಗೆ ವಾಸ್ತವ್ಯ ಹೂಡಿತ್ತು. ಅವರು ಅದಕ್ಕೆ ‘ಕಾಳಿ’ ಎಂದು ಹೆಸರಿಟ್ಟರು. ಈ ಹೆಸರಿಗೆ ಚಾರಿತ್ರಿಕ ಆಧಾರವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಶಿಲಾಶಾಸನವೊಂದು, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದದ್ದು ಈ ನಾಯಿಯನ್ನು. ಬೋನಸ್ಸಿನ ಬದಲಿಗೆ ನಾಯಿಯನ್ನು ಕೇಳಿದ ನೌಕರ ಕನ್ನಡ ನಾಡಿನಲ್ಲಿ ಹಿಂದೆ ಇದ್ದನೆಂಬುದು ಇದರಿಂದ ಸಿದ್ಧವಾಗುತ್ತದೆ. ಧರ್ಮರಾಯನು ತನ್ನ ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ. ಭೈರವನಿಗೆ ಅದು ವಾಹನ. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳು. ಮೈಲಾರಲಿಂಗನ ಗೊರವರು ತಾವೇ ದೇವರ ನಾಯಿಗಳಾಗಿ ಬೊಗಳಿ ಹರಕೆ ಸಲ್ಲಿಸುತ್ತಾರೆ. ಇಷ್ಟೆಲ್ಲ ಗೌರವ ಕೊಟ್ಟ ನಾವೇ, ಯಾರ ಮೇಲಾದರೂ ಸಿಟ್ಟು ಬಂದರೆ ಮೊದಲು ಬಳಸುವ ಬೈಗುಳವೂ ‘ನಾಯಿ’ಯೇ.

ಫೈವ್ ಗಾರ್ಡನ್ಸಿನ ಪಕ್ಕದಲ್ಲೇ ಪಾರ್ಸಿ ಕಾಲೊನಿ. ಅಲ್ಲಿಂದ ಬರುವ ವೃದ್ಧೆಯೊಬ್ಬರು ಕಾಳಿಗೆ ದಿನವೂ ಬಿಸ್ಕತ್ತು ತರುತ್ತಿದ್ದರು. ಪಾರ್ಸಿಗಳ ಧರ್ಮದಲ್ಲಿ ನಾಯಿಗೆ ವಿಶೇಷ ಸ್ಥಾನ. ಅಂತ್ಯಕ್ರಿಯೆಯಲ್ಲಿಯೂ ನಾಯಿಯ ದೃಷ್ಟಿ ಬೀಳಬೇಕೆಂಬ ಸಂಪ್ರದಾಯವುಂಟು. 1832ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರ್ಸಿಗಳು ಪ್ರತಿಭಟಿಸಿ, ಇತರರೂ ಸೇರಿ, ಕೋಟೆ ಪ್ರದೇಶದಲ್ಲಿ ಅಂಗಡಿಗಳು ಮುಚ್ಚಿ, ಸೈನಿಕರನ್ನು ಕರೆಸಬೇಕಾಗಿ ಬಂತು. ಈ ಮಹಾನಗರವು ಕಂಡ ಮೊದಮೊದಲ ಬಂದ್‌ಗಳಲ್ಲಿ ಒಂದು ನಡೆದದ್ದು ನಾಯಿಗಳಿಗಾಗಿ.

ಹೀಗೆ ದಿನಗಳು ಸುಖವಾಗಿ ಸಾಗುತ್ತಿದ್ದಾಗ ನಗೆಕೂಟದ ಪ್ರವೇಶವಾಯಿತು. ನಗೆಕೂಟವೂ ಮುಂಬಯಿಯದೇ ಕೊಡುಗೆ. ಡಾ. ಮದನ್ ಕಟಾರಿಯಾ ಎಂಬ ವೈದ್ಯರು 1995ರ ಮಾರ್ಚಿಯಲ್ಲಿ ಉಪನಗರದ ಉದ್ಯಾನವೊಂದರಲ್ಲಿ ಐದು ಮಂದಿಯೊಡನೆ ಆರಂಭಿಸಿದ ಈ ಪದ್ಧತಿ ಮುಂದೆ ಅನೇಕ ದೇಶಗಳಿಗೆ ಹಬ್ಬಿತು. ಒಂದು ಬೆಳಿಗ್ಗೆ ಹದಿನೈದು ಮಂದಿ ಗೌರವಸ್ಥರು ವೃತ್ತಾಕಾರವಾಗಿ ನಿಂತು, ಯಾವ ಕಾರಣವೂ ಇಲ್ಲದೆ, ಕೈಗಳನ್ನು ಮೇಲೆತ್ತಿ ‘ಹೋ ಹೋ’ ಎಂದು ನಗತೊಡಗಿದರು. ಹೊಸದನ್ನು ಹತ್ತಿರದಿಂದ ನೋಡಲು ರಾಯರು ಎದ್ದರು. ಅವರಿಗೂ ನಗು ಬಂತು. ನಗುನಗುತ್ತ ಒಂದು ಹೆಜ್ಜೆ ಹಿಂದೆ ಸರಿದರು. ಹಿಂದೆ ಕಾಳಿಯ ಬಾಲವಿತ್ತು.

ಮೂವತ್ತೈದು ವರ್ಷ ಲೋಕಲ್ ಗಾಡಿಯಲ್ಲಿ ಎಷ್ಟೋ ಜನರ ಕಾಲು ತುಳಿದು ಬೈಗುಳ ತಿಂದಿದ್ದ ರಾಯರಿಗೆ, ಹಲ್ಲಿನಿಂದ ಉತ್ತರ ದೊರೆತದ್ದು ಅಂದೇ ಮೊದಲು. ಮೀನಖಂಡದ ಮೇಲೆ ಎರಡು ಸಣ್ಣ ಗಾಯ, ನಾಲ್ಕು ಹನಿ ರಕ್ತ. ತಪ್ಪಿತಸ್ಥಳಂತೆ ಕಾಳಿ ಬೆಂಚಿನ ಕೆಳಗೆ ಸೇರಿಕೊಂಡಿತು.

ಸಲಹೆಗಳಿಗೆ ಮುಂಬಯಿಯಲ್ಲಿ ಎಂದೂ ಬರಗಾಲವಿಲ್ಲ. ವಡಾಪಾವ್ ಗೃಹಸ್ಥರು ಮೆಣಸಿನ ಪುಡಿ ತುಂಬಿರೆಂದರು. ಮತ್ತೊಬ್ಬರು ಸುಣ್ಣವೆಂದರು, ಮಗದೊಬ್ಬರು ಅರಸಿನವೆಂದರು. ಕೈಗಡಿಯಾರದ ಯುವಕ, “ದಿನಾ ನೋಡುವ ನಾಯಿ, ಏನೂ ಆಗುವುದಿಲ್ಲ ಅಂಕಲ್” ಎಂದ. ರಾಯರಿಗೆ ಈ ಕೊನೆಯ ಸಲಹೆಯೇ ರುಚಿಸಿತು. ಮನೆಯಲ್ಲಿ ತಿಳಿದರೆ ಮಗ ಹೊರಗೆ ಬಿಡುವುದಿಲ್ಲ, ಹೆಂಡತಿ ನಾಯಿಯ ಹೆಸರೆತ್ತಲು ಬಿಡುವುದಿಲ್ಲ, ಬೆಂಚು ಕೈತಪ್ಪುತ್ತದೆ. ಪ್ಯಾಂಟನ್ನು ಕೆಳಗಿಳಿಸಿ, ಏನೂ ಆಗದವರಂತೆ ಮನೆಯ ದಾರಿ ಹಿಡಿದರು.

ದಾರಿಯ ಮಧ್ಯದಲ್ಲಿ ಅವರು ಥಟ್ಟನೆ ನಿಂತರು. ಐವತ್ತು ವರ್ಷಗಳ ಹಿಂದಿನ ಒಂದು ಮುಖ ಕಣ್ಣೆದುರು ಬಂತು. ಊರಿನ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂರುತ್ತಿದ್ದ ಗೆಳೆಯ. ಮಾವಿನಕಾಯಿಗೆ ಕಲ್ಲು ಹೊಡೆಯಲು ಹೋದಾಗ ನಾಯಿ ಕಚ್ಚಿತ್ತು. ಅಪ್ಪನ ಬೆತ್ತಕ್ಕೆ ಹೆದರಿ, ಸೊಪ್ಪಿನ ರಸ ಹಿಂಡಿ, “ಯಾರಿಗೂ ಹೇಳಬೇಡ” ಎಂದು ಆಣೆ ಹಾಕಿಸಿಕೊಂಡಿದ್ದ. ಹತ್ತು ವರ್ಷದ ಬಾಲಕ ಆಣೆಯನ್ನು ಪಾಲಿಸಿದ. ಮಳೆಗಾಲ ಹಿಡಿಯುವ ಹೊತ್ತಿಗೆ ಗೆಳೆಯ ಜ್ವರದಿಂದ ಮಲಗಿದ. ನೀರಿನ ಲೋಟವನ್ನು ಕಂಡರೆ ಬೆಚ್ಚಿಬೀಳತೊಡಗಿದ. ಮೂರನೆಯ ದಿನ ಆ ಮಣೆಯ ಅರ್ಧ ಖಾಲಿಯಾಯಿತು. ಬೆತ್ತದ ನಾಲ್ಕು ಏಟಿಗೆ ಹೆದರಿ ಅವನು ಪ್ರಾಣವನ್ನೇ ತೆತ್ತಿದ್ದ. ಈಗ ಅರುವತ್ತು ದಾಟಿದ ಮುದುಕ ಮಗನ ಗದರಿಕೆಗೆ ಹೆದರಿ ಅದೇ ಲೆಕ್ಕವನ್ನು ಹಾಕುತ್ತಿದ್ದಾನೆ. ಜೀವಮಾನವೆಲ್ಲ ಲೆಕ್ಕ ಬರೆದವರಿಗೆ ತಮ್ಮ ತಪ್ಪು ಒಡನೆಯೇ ಕಾಣಿಸಿತು.

ಮನೆಗೆ ಬಂದವರೇ ಬಚ್ಚಲಿಗೆ ನುಗ್ಗಿ, “ನನಗೆ ನಾಯಿ ಕಚ್ಚಿದೆ, ಸಾಬೂನು ಕೊಡು!” ಎಂದು ಕೂಗಿದರು.

“ನಡೆಯಲು ಹೋದವರನ್ನು ನಾಯಿ ಹೇಗೆ ಕಚ್ಚಿತು? ನೀವು ಅಲ್ಲಿ ನಡೆಯುತ್ತೀರೋ, ನಿಲ್ಲುತ್ತೀರೋ?” ಎಂದು ಹೆಂಡತಿ ಅಡಿಗೆಮನೆಯಿಂದಲೇ ಸಾಕ್ಷಿವಿಚಾರಣೆ ಆರಂಭಿಸಿದರು. ಸೊಸೆ ಮಾತ್ರ ಗಡಿಯಾರ ನೋಡುತ್ತ, “ಮಾವ, ಇನ್ನೂ ಆರು ನಿಮಿಷ ಇದೆ, ಕಾಲು ತೆಗೆಯಬೇಡಿ” ಎಂದು ನಲ್ಲಿಯ ಬಳಿ ನಿಂತಳು. ಹದಿನೈದು ನಿಮಿಷ ಸಾಬೂನು ಮತ್ತು ಹರಿಯುವ ನೀರು. ನಾಯಿಯ ಕಡಿತಕ್ಕೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆಗಳಲ್ಲಿ ಇದಕ್ಕೆ ಸಮನಾದುದು ಬೇರೊಂದಿಲ್ಲ. ಮೆಣಸಿನ ಪುಡಿ, ಸುಣ್ಣ, ಎಣ್ಣೆ, ಸೊಪ್ಪು ಯಾವುದೂ ಕೂಡದು. ಗಾಯವನ್ನು ಬಿಗಿಯಾಗಿ ಕಟ್ಟಲೂ ಬಾರದು.

ಆಸ್ಪತ್ರೆಯಲ್ಲಿ ರಾಯರು ಹೊಟ್ಟೆಯನ್ನು ಮುಚ್ಚಿಕೊಂಡೇ ಕುಳಿತಿದ್ದರು. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಊರಿನ ಕಾಲದ ಭಯ ಇನ್ನೂ ಹೋಗಿರಲಿಲ್ಲ. ಯುವ ವೈದ್ಯೆ ನಕ್ಕು ತಿಳಿಸಿದರು: ಆ ಹಳೆಯ ಲಸಿಕೆಯನ್ನು ನಿಲ್ಲಿಸಿ ವರ್ಷಗಳೇ ಆದವು. ಈಗಿನ ಲಸಿಕೆ ತೋಳಿಗೆ. ಸ್ನಾಯುವಿಗೆ ಕೊಡುವುದಾದರೆ ಮೊದಲ ದಿನ, ಅನಂತರ 3, 7, 14 ಮತ್ತು 28ನೆಯ ದಿನ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, 3, 7 ಮತ್ತು 28. ರಕ್ತ ಬಂದ ಗಾಯವಾದುದರಿಂದ, ಲಸಿಕೆ ಫಲ ಕೊಡುವವರೆಗೆ ರಕ್ಷಣೆಗಾಗಿ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಪಥ್ಯವೇನೂ ಇಲ್ಲ. ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಉಳಿಯುವವರು ಇಲ್ಲವೆಂದೇ ಹೇಳಬೇಕು; ಲಕ್ಷಣಗಳಿಗೆ ಮೊದಲೇ ಚಿಕಿತ್ಸೆ ಸರಿಯಾಗಿ ನಡೆದರೆ ಸಾಯುವವರೂ ಇಲ್ಲವೆಂದೇ ಹೇಳಬಹುದು. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಸ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದ್ದ. ಊರಿನ ಆ ಹುಡುಗನಿಗೂ ಹೆಚ್ಚುಕಡಿಮೆ ಅದೇ ವಯಸ್ಸು ಎಂದು ರಾಯರು ಲೆಕ್ಕ ಹಾಕಿದರು. ಮಾತು ಹೊರಡಲಿಲ್ಲ.

ಕಟ್ಟಡದ ಸಭೆಯಲ್ಲಿ ಕಾಳಿಯನ್ನು ದೂರದ ಯಾವುದಾದರೂ ಉಪನಗರದಲ್ಲಿ ಬಿಟ್ಟುಬರಬೇಕೆಂಬ ಸೂಚನೆ ಮಂಡಿತವಾಯಿತು. ಆಗ ಕಚ್ಚಿಸಿಕೊಂಡವರೇ ಆಪಾದಿತಳ ಪರವಾಗಿ ಎದ್ದು ನಿಂತರು. “ಬಾಲ ತುಳಿದವನು ನಾನು. ಅದನ್ನು ಓಡಿಸಿದರೆ ಆ ಜಾಗಕ್ಕೆ ಬೇರೆ ನಾಯಿ ಬಂದೇ ಬರುತ್ತದೆ, ಮುಂಬಯಿಯಲ್ಲಿ ಖಾಲಿ ಜಾಗ ಎಷ್ಟು ದಿನ ಖಾಲಿ ಇರುತ್ತದೆ, ನೀವೇ ಹೇಳಿ” ಎಂದರು. ಈ ವಾದಕ್ಕೆ, ಮನೆ ಹುಡುಕಿ ಬಳಲಿದ್ದ ಯಾರೂ ಪ್ರತಿವಾದ ಹೂಡಲಿಲ್ಲ. 2001ರಲ್ಲಿ ಬಂದು 2023ರಲ್ಲಿ ಹೊಸ ರೂಪ ಪಡೆದ ನಿಯಮಗಳ ದಾರಿಯಂತೆ ಕಾಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ರೇಬೀಸ್ ಲಸಿಕೆಯನ್ನೂ ಮಾಡಿಸುವುದೆಂದು ನಿರ್ಧಾರವಾಯಿತು. ಹತ್ತು ದಿನ ಅದರ ಮೇಲೆ ಕಣ್ಣಿಡುವ ಹೊಣೆಯನ್ನು ರಾಯರು ಸ್ವಇಚ್ಛೆಯಿಂದ ವಹಿಸಿಕೊಂಡರು. ಕಾಳಿ ಆರೋಗ್ಯವಾಗಿಯೇ ಉಳಿಯಿತು. ಆದರೂ ವೈದ್ಯೆ ಹೇಳಿದ ಲಸಿಕೆಗಳಲ್ಲಿ ಒಂದನ್ನೂ ಅವರು ತಪ್ಪಿಸಲಿಲ್ಲ.

ಈಗ ಕಾಳಿಯ ಎಡಗಿವಿಯ ತುದಿಯಲ್ಲಿ ಶಸ್ತ್ರಚಿಕಿತ್ಸೆಯ ಗುರುತಿನ ಕತ್ತರಿ ಬಿದ್ದಿದೆ. ರಾಯರ ಮೀನಖಂಡದಲ್ಲಿ ಎರಡು ಕಲೆಗಳಿವೆ. ಇಬ್ಬರ ಲಸಿಕೆಯ ಚೀಟಿಗಳೂ ಒಂದೇ ಕಡತದಲ್ಲಿ, ಒಂದರ ಹಿಂದೆ ಒಂದು, ದಿನಾಂಕಸಹಿತ ಭದ್ರವಾಗಿವೆ. ನಾಯಿ ಕಚ್ಚಿದರೆ ಯಾರೂ ಬೈಯಬಾರದು, ಯಾರೂ ಮುಚ್ಚಿಡಬಾರದು ಎಂಬ ಹೊಸ ಕಾನೂನನ್ನು ರಾಯರು ಮನೆಯಲ್ಲಿ ಜಾರಿಗೆ ತಂದಿದ್ದಾರೆ. ಏಳು ವರ್ಷದ ಮೊಮ್ಮಗನಿಂದ ಆಣೆ ಮಾಡಿಸಿಯೂ ಆಗಿದೆ. ಈ ಬಾರಿಯದು ಹೇಳಿಯೇ ತೀರಬೇಕೆಂಬ ಆಣೆ.

ವೈದ್ಯರು ಹೇಳಿದ 150 ನಿಮಿಷಗಳೂ ಈಗ ಪ್ರಾಮಾಣಿಕವಾಗಿ ಪೂರ್ತಿಯಾಗುತ್ತಿವೆ. ಏಕೆಂದರೆ ಸೊಸೆಯ ಅಪ್ಪಣೆಯಂತೆ ಮೊಮ್ಮಗನೂ ಜೊತೆಗೆ ಹೊರಡುತ್ತಾನೆ. ಅವನು ಅಜ್ಜನನ್ನು ಕೂರಲು ಬಿಡುವುದಿಲ್ಲ. ಇಬ್ಬರೂ ಸುತ್ತು ಹಾಕುತ್ತಿರುತ್ತಾರೆ. ಬೆಂಚಿನ ಕೆಳಗೆ ಕಾಲು ಚಾಚಿ ಮಲಗಿದ ಕಾಳಿ, ಒಂದು ಕಣ್ಣನ್ನಷ್ಟೇ ತೆರೆದು, ಕೆಲಸವಿಲ್ಲದೆಯೂ ನಿಲ್ಲಲು ಪುರುಸೊತ್ತಿಲ್ಲದ ಈ ಪ್ರಾಣಿಗಳನ್ನು ನೋಡುತ್ತಿರುತ್ತದೆ.