ನೆರೆಬಯಲಿನ ಸೂಕ್ಷ್ಮ ಜಲಪ್ರಾಣಿಗಳು: ಸಂತಾನೋತ್ಪತ್ತಿ ಮತ್ತು ಪ್ರಸರಣ

ನದಿಯು ದಡ ಮೀರಿ ಹರಡುವ ಬಯಲು ನೀರಿಳಿದ ಮೇಲೆ ನಿರ್ಜೀವವೆಂಬಂತೆ ತೋರುತ್ತದೆ. ಆದರೆ ಅದರ ಮಣ್ಣಿನ ಮೇಲ್ಪದರದಲ್ಲಿ ಮುಂದಿನ ನೆರೆಯ ಜೀವರಾಶಿಯು ಮೊಟ್ಟೆಗಳ ರೂಪದಲ್ಲಿ ಅಡಗಿರುತ್ತದೆ. ಈ ಮೊಟ್ಟೆಗಳ ಸಂಚಯಕ್ಕೂ ನೆರೆಯ ಆವರ್ತನಕ್ಕೂ ಇರುವ ಸಂಬಂಧವನ್ನು ಆಸ್ಟ್ರೇಲಿಯದ ಮರ್ರೆ ನದಿಯ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆರೆಬಯಲಿನ ಪ್ರಾಣಿಪ್ಲವಕಗಳಲ್ಲಿ ರೋಟಿಫರ್‌ಗಳು, ನೀರುಚಿಗಟಗಳೆನಿಸಿದ ಕ್ಲಾಡೊಸೆರಗಳು ಹಾಗೂ ಕೊಪೆಪಾಡ್‌ಗಳು ಪ್ರಮುಖವಾದವು. ನೀರುಚಿಗಟವಾದ ಡ್ಯಾಫ್ನಿಯದಲ್ಲಿ, ಆಹಾರ ಸಮೃದ್ಧವಾಗಿರುವಾಗ ಹೆಣ್ಣು ಗಂಡಿನ ನೆರವಿಲ್ಲದೆಯೇ ಹೆಣ್ಣುಮರಿಗಳನ್ನು ಪಡೆಯುತ್ತದೆ. ಸಂಖ್ಯೆ ಕೆಲವೇ ವಾರಗಳಲ್ಲಿ ಹಲವು ಪಟ್ಟಾಗುತ್ತದೆ. ಸಂದಣಿ ಹೆಚ್ಚಿ ಆಹಾರ ಕುಂದಿದಾಗ ಗಂಡುಗಳೂ ಹುಟ್ಟುತ್ತವೆ. ಆಗ ನಿಷೇಚಿತವಾದ ಮೊಟ್ಟೆಗಳು, ಸಾಮಾನ್ಯವಾಗಿ ಎರಡು, ತಾಯಿಯ ಬೆನ್ನಿನ ಚಿಪ್ಪಿನಿಂದಲೇ ರೂಪುಗೊಂಡ ಗಟ್ಟಿ ಕವಚದೊಳಗೆ ಸುಪ್ತವಾಗಿ ಉಳಿಯುತ್ತವೆ. ಕುದುರೆಯ ತಡಿಯನ್ನು ಹೋಲುವ ಈ ಕವಚಕ್ಕೆ ಎಫಿಪಿಯಂ ಎಂದು ಹೆಸರು. ಕೊಪೆಪಾಡ್‌ಗಳಲ್ಲಾದರೋ ಗಂಡುಹೆಣ್ಣುಗಳ ಸಮಾಗಮ ಸಾಮಾನ್ಯವಾಗಿ ಅಗತ್ಯ. ಡೆಲಾಯ್ಡ್ ರೋಟಿಫರ್‌ಗಳಲ್ಲಿ ಗಂಡು ಕಂಡುಬಂದೇ ಇಲ್ಲ. ಅವು ತಾವೇ ಒಣಗಿ, ನೀರು ತಗುಲಿದಾಗ ಚೇತರಿಸಿಕೊಳ್ಳುತ್ತವೆ.

ಸುಪ್ತ ಮೊಟ್ಟೆಗಳು ಕಾಲವನ್ನೂ ದೂರವನ್ನೂ ದಾಟಬಲ್ಲವು. ಅಮೆರಿಕದ ರೋಡ್ ಐಲೆಂಡ್‌ನ ಕೆರೆಯೊಂದರ ಕೆಸರಿನಲ್ಲಿ 300 ವರ್ಷಕ್ಕೂ ಹಳೆಯ ಕೊಪೆಪಾಡ್ ಮೊಟ್ಟೆಗಳು ಜೀವಂತವಾಗಿದ್ದುದು 1995ರಲ್ಲಿ ವರದಿಯಾಯಿತು. ನೆರೆಯ ನೀರು, ಗಾಳಿ, ಜಲಪಕ್ಷಿಗಳ ಗರಿ ಹಾಗೂ ಕರುಳು ಇವುಗಳನ್ನು ಹೊಸ ತಾಣಗಳಿಗೆ ಒಯ್ಯುತ್ತವೆ.

ಆದರೆ ಬಿಸಿಲಿಗೆ ಒಡ್ಡಿಕೊಂಡ ಬಯಲಿನ ಸಂಚಯ ಅಕ್ಷಯವಲ್ಲ. ಮರ್ರೆ ನದಿಯ ಬಯಲಿನ ಒಣಮಣ್ಣನ್ನು ನೆನೆಸಿ ಪರೀಕ್ಷಿಸಿದ ಬೋಲ್ಟನ್ ಮತ್ತು ಲಾಯ್ಡ್ ಅವರ 1992ರ ಅಧ್ಯಯನದಲ್ಲಿ, ನೆರೆ ತೀರ ಅಪರೂಪವಾಗಿ ತಲುಪುವ ತಾಣದ ಮಣ್ಣಿನಿಂದ ಹೊರಬಂದ ಜೀವಿಗಳು ಕಡಿಮೆಯಾಗಿದ್ದವು. 1936ರಲ್ಲಿ ಪೂರ್ಣಗೊಂಡ ಹ್ಯೂಮ್ ಅಣೆಕಟ್ಟು ಸೇರಿದಂತೆ ಅನೇಕ ಕಟ್ಟೆಗಳಿಂದಲೂ ನೀರಾವರಿಯ ಬಳಕೆಯಿಂದಲೂ ಈ ನದಿಯ ಸಣ್ಣ, ಮಧ್ಯಮ ನೆರೆಗಳು ವಿರಳವಾಗಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಇದರ ಪರಿಣಾಮ ಪ್ಲವಕಗಳಿಗಷ್ಟೇ ಸೀಮಿತವಲ್ಲ. ಎಳೆಯ ಮೀನುಮರಿಗಳಿಗೆ ಇವೇ ಮೊದಲ ಆಹಾರ.

2014ರಲ್ಲಿ ಪೂರ್ಣಗೊಂಡ ಚೊವಿಲ್ಲ ನಿಯಂತ್ರಕ ಕಟ್ಟೆಯು ನದಿ ಉಕ್ಕದಿದ್ದಾಗಲೂ ಅಲ್ಲಿನ ಬಯಲಿಗೆ ನೀರು ಹಾಯಿಸಲು ಅನುವು ಮಾಡಿದೆ. ಆದರೆ ಮಣ್ಣು ನೆನೆದ ಮಾತ್ರಕ್ಕೆ ಸಂಚಯ ಉಳಿಯದು. ಮರಿಗಳು ಬೆಳೆದು ಮತ್ತೆ ಸುಪ್ತ ಮೊಟ್ಟೆಗಳನ್ನಿಡುವ ಮುನ್ನವೇ ನೀರು ಬತ್ತಿದರೆ, ಆ ನೆರೆಯು ಸಂಚಯಕ್ಕೆ ಏನನ್ನೂ ಸೇರಿಸದೆ ಇದ್ದುದನ್ನೂ ವ್ಯಯಿಸುತ್ತದೆ. ಆದ್ದರಿಂದ ನೆರೆಬಯಲಿಗೆ ಬಿಡುವ ನೀರನ್ನು ಅದರ ಪರಿಮಾಣದಿಂದ ಮಾತ್ರವಲ್ಲದೆ, ಅದು ನಿಲ್ಲುವ ದಿನಗಳಿಂದಲೂ ಮರಳಿ ಬರುವ ಅಂತರದಿಂದಲೂ ಅಳೆಯುವುದು ಅವಶ್ಯ.