ಕಂಬದ ನೆರಳಲ್ಲಿ ಬಸ್ಸಿಗೆ ಕಾದವರು

'ಎಕ್ಸ್‌ಪ್ರೆಸ್ಸೋ, ಸರ್ವಿಸ್ಸೋ?' ಎಂದು ಕೇಳಿಯೇ ಬಸ್ಸು ಹತ್ತುವವರು ನಮ್ಮ ಉಡುಪಿ–ಮಂಗಳೂರಿನ ಕಡೆಯವರು. ಒಂದು ತಪ್ಪಿದರೆ ಅದರ ಬೆನ್ನಿಗೇ ಇನ್ನೊಂದು. ಕುವೈತ್‌ನ ರಿಗ್ಗೈಗೆ ಬಂದವರಿಗೆ ಈ ಧೈರ್ಯ ಮೊದಲ ವಾರದಲ್ಲೇ ಕರಗುತ್ತದೆ. ಇಲ್ಲಿ ನಸುಕಿಗೆ ಕಟ್ಟಡದ ಮೂಲೆಗೆ ಬರುವುದು ಕಂಪನಿಯ ಬಸ್ಸು. ಟಿಕೆಟ್ಟಿಲ್ಲ, ಕಂಡಕ್ಟರಿಲ್ಲ. ಎರಡು ನಿಮಿಷ ತಡವಾದರೆ ಆ ದಿನದ ಹಾಜರಿಯೇ ಹೋದಂತೆ.

ಸ್ವಂತ ಕಾರು ಕೊಳ್ಳಬಹುದಲ್ಲ ಎಂದು ಊರಲ್ಲಿ ಕೇಳುತ್ತಾರೆ. ಕಾರು ಸಿಗುತ್ತದೆ, ಲೈಸೆನ್ಸ್ ಸಿಗುವುದಿಲ್ಲ. ಕೆಲವು ವೃತ್ತಿಯವರನ್ನು ಬಿಟ್ಟರೆ, ಹೊರದೇಶದವರಿಗೆ ತಿಂಗಳಿಗೆ 600 ದಿನಾರ್ ಸಂಬಳ, ಪದವಿ, 2 ವರ್ಷದ ವಾಸ ಇರಬೇಕೆಂಬುದು ಇಲ್ಲಿ ಬಂದ ನಿಯಮ. ಅಂಗಡಿ, ಗ್ಯಾರೇಜು, ಅಡುಗೆಮನೆಗಳಲ್ಲಿ ದುಡಿಯುವವರಿಗೆ ಅದು ಎಟುಕದ ಮಾತು. ಈ ನಗರವಾದರೋ ಕಾರಿಗಾಗಿಯೇ ಕಟ್ಟಿದ್ದು. 1952ರಲ್ಲಿ ಬ್ರಿಟಿಷ್ ಯೋಜಕರು ರಿಂಗ್ ರಸ್ತೆಗಳ ನಕ್ಷೆ ಎಳೆದರು. ಸಾರ್ವಜನಿಕ ಸಾರಿಗೆ ಕಂಪನಿ ಹುಟ್ಟಿದ್ದು ಹತ್ತು ವರ್ಷದ ನಂತರ, 1962ರಲ್ಲಿ.

ಆದರೂ ಶುಕ್ರವಾರದ ಬಸ್ಸೇ ಬೇರೆ. ಅದು ಕಂಪನಿಯದಲ್ಲ, ನಮ್ಮದು. ನಾಣ್ಯ ಕೊಟ್ಟು ಸಿಟಿ ಬಸ್ಸು ಹತ್ತಿ ಮಾಲಿಯಾದಲ್ಲಿ ಇಳಿಯಬಹುದು, ಅಲ್ ರಾಯ್‌ನ ಶುಕ್ರವಾರದ ಸಂತೆಯಲ್ಲಿ ಹಳೆಯ ಕುರ್ಚಿಗೆ ಚೌಕಾಸಿ ಮಾಡಬಹುದು. ಹಿಂದಿನ ಸೀಟಿನಲ್ಲಿ ಮಲಯಾಳ, ಪಕ್ಕದಲ್ಲಿ ಬಂಗಾಳಿ. ನಡುವೆ ಎಲ್ಲೋ ತುಳುವಿನ ಒಂದು ಶಬ್ದ ಕಿವಿಗೆ ಬಿದ್ದರೆ ಕತ್ತು ತಾನಾಗಿ ಹೊರಳುತ್ತದೆ. 'ಓಲು ಊರು?' ಎಂದು ಶುರುವಾದ ಮಾತು ಇಳಿಯುವ ಜಾಗವನ್ನೂ ದಾಟಿಸಿಬಿಡುತ್ತದೆ.

ಕಷ್ಟವೆಲ್ಲ ಕಾಯುವುದರಲ್ಲಿ. 2016ರ ಜುಲೈ 21ರಂದು ಇದೇ ದೇಶದ ಮಿತ್ರಿಬಾದಲ್ಲಿ ತಾಪಮಾನ 54 ಡಿಗ್ರಿಯ ಹತ್ತಿರ ಹೋಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ ದುಡಿಸಬಾರದೆಂದು ಇಲ್ಲಿನ ಸರ್ಕಾರ ಕಟ್ಟಳೆ ಮಾಡಿದೆ. ಒಳ್ಳೆಯ ಕಟ್ಟಳೆ. ಆದರೆ ಅದೇ ಹೊತ್ತಿನಲ್ಲಿ ಬಸ್ಸಿಗೆ ಕಾಯುವವನೂ ಬಯಲಲ್ಲೇ ನಿಂತಿರುತ್ತಾನೆ. ತಂಗುದಾಣಕ್ಕೊಂದು ಸೂರು, ಒಂದು ತಣ್ಣೀರಿನ ನಲ್ಲಿ: ಇಷ್ಟನ್ನು ಪ್ರತಿ ನಿಲುಗಡೆಯಲ್ಲೂ ಕೊಡುವುದು ಈ ಶ್ರೀಮಂತ ನಾಡಿಗೆ ಹೊರೆಯೇನಲ್ಲ.

ಮಧ್ಯಾಹ್ನ ಮೂರೂವರೆಗೆ ಸೂರಿಲ್ಲದ ನಿಲುಗಡೆಗಳನ್ನು ನೋಡಬೇಕು. ದೀಪದ ಕಂಬದ ನೆರಳು ಗೇಣಗಲಕ್ಕೆ ಉದ್ದವಾಗಿ ಬಿದ್ದಿರುತ್ತದೆ. ಆ ಗೇಣಿನೊಳಗೆ ಐದಾರು ಮಂದಿ, ಒಬ್ಬರ ಬೆನ್ನಿಗೆ ಒಬ್ಬರು, ಸಾಲಾಗಿ ನಿಂತಿರುತ್ತಾರೆ. ನೆರಳು ಸರಿದಂತೆ ಸಾಲೂ ಸರಿಯುತ್ತದೆ.