ಎರಡು ನೆಲೆಗಳಿಂದ ಉಲ್ಕೆಯ ಛಾಯಾಗ್ರಹಣ

ಉಲ್ಕೆಯೊಂದು ಆಗಸದಲ್ಲಿ ಗೆರೆ ಎಳೆದು ಮರೆಯಾಗಲು ಸಾಮಾನ್ಯವಾಗಿ ಒಂದೆರಡು ಸೆಕೆಂಡು ಸಾಕು. ಆ ಗೆರೆಯನ್ನು ಕ್ಯಾಮೆರಾ ಸೆರೆಹಿಡಿದರೂ ಅದರಿಂದ ತಿಳಿಯುವುದು ದಿಕ್ಕು ಮಾತ್ರ. ಉಲ್ಕೆ ಎಷ್ಟು ದೂರದಲ್ಲಿ ಉರಿಯಿತೆಂಬುದನ್ನು ಒಂದೇ ಚಿತ್ರ ಹೇಳಲಾರದು. ಈ ಕೊರತೆಯನ್ನು ನೀಗುವ ಉಪಾಯ ಹಳೆಯದು. 1798ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಬ್ರಾಂಡೆಸ್ ಮತ್ತು ಬೆನ್‌ಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಕೆಲವು ಕಿಲೋಮೀಟರ್ ಅಂತರದಲ್ಲಿ ನಿಂತು, ಒಂದೇ ಉಲ್ಕೆಯ ಸ್ಥಾನವನ್ನು ನಕ್ಷತ್ರಗಳ ನಡುವೆ ಬರಿಗಣ್ಣಿನಿಂದ ಗುರುತಿಸಿ, ಅದರ ಎತ್ತರವನ್ನು ಲೆಕ್ಕ ಹಾಕಿದ್ದರು. ಅಮೆರಿಕದ ಹಾರ್ವರ್ಡ್‌ನಲ್ಲಿ ಫ್ರೆಡ್ ವಿಪಲ್ ಅವರು 1936ರಲ್ಲಿ ಇದೇ ಕಾರ್ಯವನ್ನು ಕ್ಯಾಮೆರಾಗಳಿಗೆ ವಹಿಸಿದರು.

ಕ್ಯಾಮೆರಾ ಇರುವ ಬಿಂದುವೂ ಚಿತ್ರದಲ್ಲಿನ ಗೆರೆಯೂ ಸೇರಿ ಒಂದು ಸಮತಲವನ್ನು ನಿರ್ಧರಿಸುತ್ತವೆ. ಇನ್ನೊಂದು ನೆಲೆಯ ಚಿತ್ರದಿಂದ ಮತ್ತೊಂದು ಸಮತಲ ದೊರೆಯುತ್ತದೆ. ಇವೆರಡೂ ಛೇದಿಸುವ ರೇಖೆಯೇ ಉಲ್ಕೆಯ ನೈಜ ಪಥ. ಹಿನ್ನೆಲೆಯ ನಕ್ಷತ್ರಗಳೇ ಇಲ್ಲಿ ಅಳತೆಗೋಲು. ನೆಲೆಗಳ ನಡುವೆ 40 ಕಿ.ಮೀ. ಅಂತರವಿದ್ದರೆ, ಒಂದರ ನೆತ್ತಿಯ ಮೇಲೆ 90 ಕಿ.ಮೀ. ಎತ್ತರದಲ್ಲಿ ಉರಿಯುವ ಉಲ್ಕೆ ಇನ್ನೊಂದರಲ್ಲಿ ನೆತ್ತಿಯಿಂದ ಸುಮಾರು 24 ಡಿಗ್ರಿ ಸರಿದು ಕಾಣುತ್ತದೆ. ಆದರೆ ಉಲ್ಕೆಯು ಎರಡು ನೆಲೆಗಳನ್ನು ಜೋಡಿಸುವ ರೇಖೆಯ ನೇರದಲ್ಲೇ ಸಾಗಿದರೆ ಸಮತಲಗಳು ಬಹುತೇಕ ಒಂದಾಗಿ ಲೆಕ್ಕ ಕೆಡುತ್ತದೆ. ಮೂರನೆಯ ನೆಲೆಯೊಂದು ಇರಲೆಂದು ಅನುಭವಿಗಳು ಬಯಸುವುದು ಇದಕ್ಕಾಗಿಯೇ. ಇನ್ನು ವೇಗದ ಮಾತು. ಮಸೂರದ ಮುಂದೆ ತಿರುಗುವ ರೆಕ್ಕೆಯು ಗೆರೆಯನ್ನು ನಿಯತ ಕಾಲಾಂತರಗಳಲ್ಲಿ ತುಂಡರಿಸುತ್ತದೆ. ತುಂಡುಗಳ ಉದ್ದದಿಂದ ವೇಗವೂ ಅದು ಕುಗ್ಗುವ ಬಗೆಯೂ ತಿಳಿಯುತ್ತವೆ. ಪಥ, ವೇಗಗಳ ಜೊತೆಗೆ ಉಲ್ಕೆ ಕಾಣಿಸಿಕೊಂಡ ಕ್ಷಣವೂ ಗೊತ್ತಿದ್ದರೆ, ಭೂಮಿಯನ್ನು ಸೇರುವ ಮುನ್ನ ಅದು ಸೂರ್ಯನನ್ನು ಸುತ್ತುತ್ತಿದ್ದ ಕಕ್ಷೆಯನ್ನೇ ಗಣಿಸಬಹುದು.

ಈ ವಿಧಾನದ ಬೆಲೆ ಜಗತ್ತಿಗೆ ಮನವರಿಕೆಯಾದದ್ದು 1959ರ ಏಪ್ರಿಲ್ 7ರಂದು. ಅಂದಿನ ಚೆಕೊಸ್ಲೊವಾಕಿಯಾದ ಒಂಡ್ರೆಯೋವ್ ಮತ್ತು ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಪ್ರ್ಚಿತ್ಸೆ, ಈ ಎರಡೂ ನೆಲೆಗಳ ಕ್ಯಾಮೆರಾಗಳು ಪ್ರಖರವಾದ ಬೆಂಕಿಚೆಂಡೊಂದನ್ನು ದಾಖಲಿಸಿದವು. ಸಾಮಾನ್ಯ ಉಲ್ಕೆಗಳಿಗೆಂದು ಹೂಡಿದ್ದ ಬಲೆಗೆ ಅನಿರೀಕ್ಷಿತವಾಗಿ ದೊಡ್ಡ ಮೀನೇ ಬಿದ್ದಿತ್ತು! ಜ್ಡೆನೆಕ್ ತ್ಸೆಪ್ಲೆಖಾ ಅವರ ಗಣನೆಯ ನೆರವಿನಿಂದ ಪ್ರಿಬ್ರಾಮ್ ಬಳಿ ನಾಲ್ಕು ಉಲ್ಕಾಶಿಲೆಗಳು ದೊರೆತವು. ನೆಲಕ್ಕೆ ಬಿದ್ದ ಶಿಲೆಯೊಂದರ ಕಕ್ಷೆ ಛಾಯಾಚಿತ್ರಗಳಿಂದ ನಿರ್ಧಾರವಾದದ್ದು ಅದೇ ಮೊದಲು. ಆ ಕಕ್ಷೆಯ ದೂರದ ತುದಿ ಮಂಗಳನಾಚೆಯ ಕ್ಷುದ್ರಗ್ರಹಗಳ ವಲಯವನ್ನು ತಲುಪಿತ್ತು.

ಮುಂದೆ 2002ರ ಏಪ್ರಿಲ್ 6ರಂದು ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಪರಿಸರದಲ್ಲಿ ಬಿದ್ದ ಉಲ್ಕೆಯನ್ನೂ ಯುರೋಪಿನ ಹಲವು ನೆಲೆಗಳು ಸೆರೆಹಿಡಿದವು. ಅದರ ಕಕ್ಷೆ ಪ್ರಿಬ್ರಾಮ್‌ನದಕ್ಕೆ ಹೆಚ್ಚುಕಡಿಮೆ ಪಡಿಯಚ್ಚು. ಒಂದೇ ಮೂಲದ ಚೂರುಗಳಿರಬೇಕೆಂದು ಊಹಿಸುವಷ್ಟರಲ್ಲಿ, ಶಿಲೆಗಳ ಪರೀಕ್ಷೆ ಅಡ್ಡ ಬಂದಿತು: ಪ್ರಿಬ್ರಾಮ್‌ನದು ಸಾಧಾರಣ ಕಾಂಡ್ರೈಟ್, ನಾಯ್‌ಶ್ವಾನ್‌ಸ್ಟೈನ್‌ನದು ವಿರಳವಾದ ಎನ್‌ಸ್ಟಟೈಟ್ ಕಾಂಡ್ರೈಟ್. ಈ ಹೋಲಿಕೆ ಬರಿಯ ಆಕಸ್ಮಿಕವೋ, ಒಂದೇ ಉಲ್ಕಾಪ್ರವಾಹದಲ್ಲಿ ಭಿನ್ನ ಜಾತಿಯ ಶಿಲೆಗಳೂ ಇರಬಲ್ಲವೋ ಎಂಬ ಚರ್ಚೆಗೆ ಅಂದಿನಿಂದ ಎಡೆಯಾಯಿತು.